ಸೇಫ್ಟಿ ವಿಡಿಯೊದ ಸ್ಟೋರಿಬೋರ್ಡಿಗೆ ಎಐ: ಕೋಷ್ಟಕಕ್ಕೆ ಸೈ, ಚಿತ್ರಕ್ಕೆ ಬೇಡ

ತೋರಣಗಲ್ಲಿನ ಉಕ್ಕು, ಗಿಣಿಗೇರಿಯ ಸ್ಪಾಂಜ್ ಐರನ್, ಶಕ್ತಿನಗರದ ಥರ್ಮಲ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ. ಇಂಥ ಕಡೆಯ ಕಾರ್ಮಿಕರಿಗೆ ತರಬೇತಿ ವಿಡಿಯೊ ಮಾಡುವವರು ಸ್ಟೋರಿಬೋರ್ಡಿಗೆ (ಶೂಟಿಂಗಿಗೆ ಮುನ್ನ ದೃಶ್ಯಗಳನ್ನು ಒಂದೊಂದಾಗಿ ಬಿಡಿಸಿಟ್ಟುಕೊಳ್ಳುವ ನಕ್ಷೆಗೆ) ಚಾಟ್‌ಜಿಪಿಟಿ, ಜೆಮಿನಿಯಂಥವನ್ನು ನೆಚ್ಚಬಹುದೇ? ಅರ್ಧ ಕೆಲಸಕ್ಕೆ ಧಾರಾಳವಾಗಿ ನೆಚ್ಚಬಹುದು. ಎಸ್‌ಒಪಿಯನ್ನು (ಕೆಲಸದ ಹೆಜ್ಜೆಗಳನ್ನು ಕಲಮು ಕಲಮಾಗಿ ಬರೆದ ಕಂಪನಿಯ ಕಾರ್ಯವಿಧಾನವನ್ನು) ಫ್ರೇಮುಗಳಾಗಿ ಒಡೆದು ಕೋಷ್ಟಕ ಮಾಡುವುದರಲ್ಲಿ ಇವು ಚುರುಕು. ಚಿತ್ರ ಬಿಡಿಸಲು ಕೊಟ್ಟರೆ ಮಾತ್ರ ಅಪಾಯವೇ ಹೆಚ್ಚು.

ಉದಾಹರಣೆಗೆ 3 ನಿಮಿಷದ ವಿಡಿಯೊ ಒಂದನ್ನು ತೆಗೆದುಕೊಳ್ಳೋಣ: ಕನ್ವೇಯರ್ ಬೆಲ್ಟ್ ರಿಪೇರಿಗೆ ಮುನ್ನ ಕರೆಂಟು ತೆಗೆದು ಬೀಗ ಹಾಕುವ ವಿಧಾನ. 180 ಸೆಕೆಂಡು, ಫ್ರೇಮಿಗೆ ಸರಾಸರಿ 5 ಸೆಕೆಂಡು ಹಿಡಿದರೆ 36 ಫ್ರೇಮು. ಸುಮ್ಮನೆ 'ಸ್ಟೋರಿಬೋರ್ಡ್ ಮಾಡಿಕೊಡು' ಎಂದರೆ ಸೂರ್ಯೋದಯ, ಕಾರ್ಖಾನೆಯ ವಿಹಂಗಮ ನೋಟ, ನಗುಮೊಗದ ಕಾರ್ಮಿಕರು ಎಂದು ಮೊದಲ 6-7 ಫ್ರೇಮು ಪೋಲಾಗುತ್ತವೆ. ಹಾಗಾಗಿ ಕಾಲಮುಗಳನ್ನು ನಾವೇ ಹೇಳಬೇಕು: ಫ್ರೇಮ್ ಸಂಖ್ಯೆ, ಶಾಟ್, ಕೈ ಎಲ್ಲಿದೆ ಮತ್ತು ಏನು ಮಾಡುತ್ತಿದೆ, ವಾಯ್ಸ್ ಓವರ್, ತೆರೆಯ ಮೇಲಿನ ಅಕ್ಷರ, ಸೆಕೆಂಡು, ಬೆಲ್ಟ್ ಓಡುತ್ತಿದೆಯೋ ನಿಂತಿದೆಯೋ, ಕೊನೆಗೆ ಎಸ್‌ಒಪಿಯ ಕಲಮಿನ ಸಂಖ್ಯೆ.

ಈ ಕೊನೆಯ ಕಾಲಮೇ ಇಡೀ ಕೆಲಸದ ಜೀವಾಳ. ಕಲಮಿನ ಸಂಖ್ಯೆ ಇಲ್ಲದ ಸಾಲು ಎಐ ತಾನಾಗಿ ಸೇರಿಸಿದ್ದು. ಎಸ್‌ಒಪಿಯಲ್ಲಿದ್ದೂ ಕೋಷ್ಟಕದಲ್ಲಿ ಕಾಣದ ಕಲಮು ಅದು ನುಂಗಿದ್ದು. ಸಂಖ್ಯೆ ಬರೆದ ಮಾತ್ರಕ್ಕೆ ನಂಬುವಂತೆಯೂ ಇಲ್ಲ, ತಪ್ಪು ಸಂಖ್ಯೆಯನ್ನೂ ಅದು ಅಷ್ಟೇ ಧೈರ್ಯದಿಂದ ಬರೆಯುತ್ತದೆ. ಎಸ್‌ಒಪಿಯನ್ನು ಪಕ್ಕದಲ್ಲಿಟ್ಟು ಪೆನ್ಸಿಲಿನಿಂದ ಒಂದೊಂದಾಗಿ ಟಿಕ್ ಹಾಕಿಯೇ ಮುಂದೆ ಹೋಗಬೇಕು.

ಅದು ಯಾವುದನ್ನು ನುಂಗುತ್ತದೆ ಎಂಬುದನ್ನು ನೋಡಿ. ಬೀಗ ಹಾಕುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಸಂಬಂಧಪಟ್ಟವರಿಗೆ ತಿಳಿಸುವುದು, ಬೆಲ್ಟ್ ನಿಲ್ಲಿಸುವುದು, ಎಂಸಿಸಿ (ಮೋಟಾರುಗಳ ನಿಯಂತ್ರಣ ಕೇಂದ್ರ) ಪ್ಯಾನೆಲ್‌ನಲ್ಲಿ ಫೀಡರ್ (ಆ ಬೆಲ್ಟಿನ ಮೋಟಾರಿಗೆ ಕರೆಂಟು ಕೊಡುವ ಸ್ವಿಚ್ಚು) ಆಫ್ ಮಾಡುವುದು, ತನ್ನದೇ ಬೀಗ ಹಾಕಿ ಟ್ಯಾಗ್ ಕಟ್ಟುವುದು, ಉಳಿದ ಶಕ್ತಿ ಇಳಿಸುವುದು, ಸ್ಟಾರ್ಟ್ ಬಟನ್ ಒತ್ತಿ ಬೆಲ್ಟ್ ಏಳುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದು, ಕಂಟ್ರೋಲನ್ನು ಮತ್ತೆ ಆಫ್ ಸ್ಥಿತಿಗೆ ತರುವುದು. ಎಐ ಈ ಕೊನೆಯ ಮೂರನ್ನು 'ಬೆಲ್ಟ್ ಸುರಕ್ಷಿತವಾಗಿದೆ' ಎಂಬ ಒಂದೇ ಫ್ರೇಮಿಗೆ ಅಡಕಿಬಿಡಬಲ್ಲದು. ಜೀವ ಹೋಗುವುದು ಅಲ್ಲೇ. ತಪ್ಪು ಫೀಡರಿಗೆ ಬೀಗ ಬಿದ್ದಿದ್ದರೆ ಅದು ಗೊತ್ತಾಗುವುದು ಬಟನ್ ಒತ್ತಿ ನೋಡಿದಾಗಲೇ. ಕರೆಂಟು ಹೋದರೂ ಬೆಲ್ಟನ್ನು ಬಿಗಿಯಾಗಿಡುವ ಟೇಕಪ್‌ನ ತೂಗುಭಾರ, ಇಳಿಜಾರಿನ ಬೆಲ್ಟ್ ಮೇಲೆ ಉಳಿದ ಅದಿರು, ಇವೆರಡರಲ್ಲಿ ಯಾವುದಾದರೂ ಬೆಲ್ಟನ್ನು ಎಳೆಯಬಹುದು. ಆದ್ದರಿಂದ ಈ ಮೂರಕ್ಕೂ ಬೇರೆ ಬೇರೆ ಫ್ರೇಮು ಬೇಕು, ಮೂರೂ ಕೈಯ ಕ್ಲೋಸಪ್ ಆಗಿರಬೇಕು.

ಬೆಲ್ಟಿನ ಪಕ್ಕದುದ್ದಕ್ಕೂ ಕಟ್ಟಿರುವ ಹಗ್ಗ, ಅಂದರೆ ಪುಲ್ ಕಾರ್ಡ್ ವಿಷಯದಲ್ಲೂ ಎಚ್ಚರ ಬೇಕು. ಹಗ್ಗ ಎಳೆದ ಕೂಡಲೇ ಕಾರ್ಮಿಕ ರೋಲರಿಗೆ ಕೈ ಹಾಕುವ ಫ್ರೇಮು ಕೋಷ್ಟಕದಲ್ಲಿ ಕಂಡರೆ ತಕ್ಷಣ ಹೊಡೆದುಹಾಕಿ. ಆ ಹಗ್ಗ ತುರ್ತಿಗೆ ಬೆಲ್ಟ್ ನಿಲ್ಲಿಸಲು ಇರುವುದು. ಇನ್ನೊಬ್ಬರು ರೀಸೆಟ್ ಮಾಡಿದರೆ ಮುಗಿಯಿತು. ಬೀಗದ ಕೆಲಸ ಅದರಿಂದ ಆಗದು.

ವಾಯ್ಸ್ ಓವರ್ ಉದ್ದ ಇನ್ನೊಂದು ತಲೆನೋವು. 5 ಸೆಕೆಂಡಿನಲ್ಲಿ ಸ್ಪಷ್ಟವಾಗಿ ಓದಲಾಗುವುದು ಹೆಚ್ಚೆಂದರೆ 8 ಕನ್ನಡ ಪದ. ಎಐ ಇಂಗ್ಲಿಷಿನ ವೇಗ ಹಿಡಿದು 12-13 ಪದ ತುಂಬುತ್ತದೆ. ಮಿತಿಯನ್ನು ಪ್ರಾಂಪ್ಟಿನಲ್ಲೇ ಬರೆದು, ಆಮೇಲೆ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಜೋರಾಗಿ ಓದಿ ನೋಡಬೇಕು. ನಮ್ಮ ಕಡೆ ಒಂದೇ ಶಿಫ್ಟಿನಲ್ಲಿ ಕನ್ನಡ, ತೆಲುಗು, ಹಿಂದಿ ಮೂರೂ ಇರುತ್ತವೆ. ಮೂರರಲ್ಲಿ ಯಾವುದು ಉದ್ದವೋ ಅದಕ್ಕೆ ಫ್ರೇಮಿನ ಸೆಕೆಂಡು ಹೊಂದಿಸಿದರೆ ಡಬ್ಬಿಂಗಿನಲ್ಲಿ ಒದ್ದಾಟವಿಲ್ಲ. ಭಾಷೆ ಗ್ರಂಥದಂತಾಗದಿರಲು ಕಾರ್ಮಿಕರು ಆಡುವ 20-30 ಪದಗಳ ಪಟ್ಟಿಯನ್ನು ಮೊದಲೇ ಕೊಡಿ. ಇದರಿಂದ ದೊಡ್ಡ ವ್ಯತ್ಯಾಸ ಆಗುತ್ತದೆ.

ಇನ್ನು ಚಿತ್ರ. ನೋಡಲು ಚೆಂದ, ಕೆಲಸಕ್ಕೆ ಕೆಟ್ಟದ್ದು. ಫ್ರೇಮ್ 9ರಲ್ಲಿ ಹಳದಿ ಹೆಲ್ಮೆಟ್, 10ರಲ್ಲಿ ಬಿಳಿ, ಗಲ್ಲಪಟ್ಟಿ ಮಾಯ, ಬೆಲ್ಟಿನ ಹಿಂತುದಿಯ ರಾಟೆಗೆ (ಟೇಲ್ ಪುಲ್ಲಿ) ಗಾರ್ಡೇ ಇಲ್ಲ, ಬೀಗ ಹ್ಯಾಂಡಲಿನ ತೂತಿಗೆ ಸೇರದೆ ಗಾಳಿಯಲ್ಲಿ ತೂಗುತ್ತಿದೆ. ಬೋರ್ಡಿನ ಮೇಲಿನ ಕನ್ನಡದ ಒತ್ತಕ್ಷರಗಳೂ ಕಲಸಿಹೋಗಬಹುದು, ಅದಕ್ಕೆ ಬೋರ್ಡ್ ಖಾಲಿ ಬಿಡಿಸಿ ಅಕ್ಷರವನ್ನು ಎಡಿಟಿಂಗಿನಲ್ಲೇ ಹಾಕುವುದು ಲೇಸು. ಬಣ್ಣದ ಚಿತ್ರದ ಇನ್ನೊಂದು ಕೇಡು: ಪರಿಶೀಲಿಸುವವರ ಕಣ್ಣು ಸೊಗಸಿಗೆ ಸೋತು, ಬಿಟ್ಟುಹೋದ ಹೆಜ್ಜೆ ಕಾಣದೇ ಹೋಗುತ್ತದೆ. ಅನುಮತಿ ಪಡೆದು ಅದೇ ಬೆಲ್ಟಿನ ಫೋಟೊ ಮೊಬೈಲಿನಲ್ಲಿ ತೆಗೆದು, ಅದರ ಮೇಲೆ ಕೈ, ಬಾಣ, ಬೀಗ ಮಾತ್ರ ಗೆರೆಯಲ್ಲಿ ಬರೆಯಿರಿ. ಅದಕ್ಕಿಂತ ಒಳ್ಳೆಯ ಫ್ರೇಮನ್ನು ಯಾವ ಎಐಯೂ ಕೊಡುವುದಿಲ್ಲ.

ಫ್ರೇಮು ಜೋಡಿಸಲು ಸ್ಟೋರಿಬೋರ್ಡರ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ, ನಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಫ್ರೇಮಿಗೊಂದು ಅವಧಿ ಕೊಟ್ಟು ಪ್ಲೇ ಮಾಡಿ ನೋಡಬಹುದು. ಮಾತಿನ ಪಾಠ ಕೋಷ್ಟಕದಲ್ಲೇ ಇರಲಿ, ಇಲ್ಲಿ ಚಿತ್ರ ಮತ್ತು ಸೆಕೆಂಡು ಮಾತ್ರ. ಧ್ವನಿಯಿಲ್ಲದೆ ಓಡಿಸಿ ಶಿಫ್ಟ್ ಎಲೆಕ್ಟ್ರಿಷಿಯನ್‌ಗೆ ತೋರಿಸಿ, 'ಮುಂದೇನು ಮಾಡ್ತೀರಿ?' ಎಂದು ಕೇಳಿ. ಅವರು ತಡವರಿಸಿದ ಕಡೆ ಒಂದು ಫ್ರೇಮು ಕಡಿಮೆಯಿದೆ ಎಂದೇ ಅರ್ಥ. ಬೂರ್ಡ್ಸ್‌ನಂಥ ಚಂದಾ ಸೇವೆ ಬೇಕಾಗುವುದು, ಬೇರೆ ಬೇರೆ ಊರಿನವರು ಒಂದೇ ಬೋರ್ಡಿನ ಮೇಲೆ ಟಿಪ್ಪಣಿ ಬರೆಯಬೇಕಾದಾಗ.

ಕಂಪನಿಯ ಎಸ್‌ಒಪಿಯನ್ನು ಲಿಖಿತ ಒಪ್ಪಿಗೆಯಿಲ್ಲದೆ ಯಾವ ಎಐಗೂ ಏರಿಸಬೇಡಿ. ಒಪ್ಪಿಗೆ ಸಿಕ್ಕ ಮೇಲೂ ಹೆಸರು, ಯಂತ್ರದ ಸಂಖ್ಯೆ ತೆಗೆದುಹಾಕಿ. ನಮ್ಮ ಮಾತುಕತೆಯು ಎಐ ಮಾದರಿಯ ತರಬೇತಿಗೆ ಬಳಕೆಯಾಗದಂತೆ ಸೆಟ್ಟಿಂಗ್ ಬದಲಿಸಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಎಐ ತಪ್ಪಾಗಿ ಓದಬಹುದು, ದಶಾಂಶ ಬಿಂದುಗಳನ್ನು ಕಣ್ಣಾರೆ ನೋಡಿ.

ಹಣ ಉಳಿಯುವುದು ಬೋರ್ಡ್ ಒಪ್ಪಿಗೆಯಾದ ಮೇಲೆ. 'ಬೆಲ್ಟ್ ನಿಂತಿರುವ ಫ್ರೇಮುಗಳನ್ನೆಲ್ಲ ಜಾಗದ ಪ್ರಕಾರ ಗುಂಪು ಮಾಡು' ಎಂದರೆ ಎಐ ಕ್ಷಣದಲ್ಲಿ ಶಾಟ್ ಪಟ್ಟಿ ಕೊಡುತ್ತದೆ: ಎಂಸಿಸಿ ಕೋಣೆ, ಡ್ರೈವ್ ತುದಿ, ಟೇಲ್ ತುದಿ. ಪ್ಲಾಂಟಿನವರು ಶಟ್‌ಡೌನ್ ಕೊಡುವುದು ಅಳೆದು ತೂಗಿ. ಆ ಹೊತ್ತಿನಲ್ಲಿ ಯಾವ ಶಾಟ್ ಮೊದಲು ಎಂಬ ಚರ್ಚೆಗೆ ಜಾಗವಿಲ್ಲ. ಓಡುವ ಬೆಲ್ಟಿನ ಶಾಟುಗಳನ್ನು ಹಿಂದಿನ ದಿನವೇ ಮುಗಿಸಿಟ್ಟುಕೊಳ್ಳಿ.