ಜಿಯೋಹಾಟ್‌ಸ್ಟಾರ್, ಪ್ರೈಮ್, ಝೀ5, ನೆಟ್‌ಫ್ಲಿಕ್ಸ್: ಯಾವುದಕ್ಕೆ ವರ್ಷದ ಹಣ, ಯಾವುದಕ್ಕೆ ತಿಂಗಳ ಹಣ?

ಮೊದಲು ಲೆಕ್ಕ ನೋಡಿ. ಅಮೆಜಾನ್ ಪ್ರೈಮ್ ತಿಂಗಳಿಗೆ 299 ರೂಪಾಯಿ, ವರ್ಷಕ್ಕೆ 1,499. ಜಿಯೋಹಾಟ್‌ಸ್ಟಾರ್ 2025ರ ಫೆಬ್ರವರಿಯಲ್ಲಿ ಶುರುವಾದಾಗ ಅದರ ಪ್ರೀಮಿಯಂ ಪ್ಲಾನ್ ಕೂಡ ತಿಂಗಳಿಗೆ 299, ವರ್ಷಕ್ಕೆ 1,499. ಆ ವರ್ಷ ಜೂನ್‌ನಲ್ಲಿ ಪ್ರೈಮ್ ವಿಡಿಯೋದಲ್ಲಿ ಜಾಹೀರಾತು ಬಂತು. ಜಾಹೀರಾತು ಬೇಡ ಅಂದರೆ ವರ್ಷಕ್ಕೆ ಇನ್ನೂ 699 ಕೊಡಬೇಕು. ಒಟ್ಟು 2,198 ಆಯಿತು. 2026ರ ಜನವರಿ ಕೊನೆಯಲ್ಲಿ ಜಿಯೋಹಾಟ್‌ಸ್ಟಾರ್ ಪ್ರೀಮಿಯಂ ವರ್ಷದ ದರ ಎಷ್ಟಾಯಿತು ಗೊತ್ತಾ? 2,199.

ಒಂದು ರೂಪಾಯಿ ವ್ಯತ್ಯಾಸ. ಅಂದಮೇಲೆ ಬೆಲೆ ನೋಡಿ ಆರಿಸಿಕೊಳ್ಳಿ ಅನ್ನುವ ಸಲಹೆಯಿಂದ ಏನೂ ಪ್ರಯೋಜನವಿಲ್ಲ. ಇವತ್ತು ಪೈಪೋಟಿ ಇರುವುದು ಯಾರು ಅಗ್ಗ ಅನ್ನುವುದರಲ್ಲಿ ಅಲ್ಲ. ನಮ್ಮ ಮನೆಯವರು ಯಾವುದನ್ನು ಬಿಟ್ಟಿರಲಾರರೋ ಅದು ಯಾರ ಕೈಯಲ್ಲಿದೆ ಅನ್ನುವುದರಲ್ಲಿ. ಮೈಸೂರಿನ ನಮ್ಮ ಮನೆಯಲ್ಲಿ ಅತ್ತೆಗೆ ಧಾರಾವಾಹಿ ಬೇಕು, ಯಜಮಾನರಿಗೆ ಕ್ರಿಕೆಟ್, ಮಗಳಿಗೆ ಕೊರಿಯನ್ ಸೀರೀಸ್, ನನಗೆ ಕನ್ನಡ ಸಿನಿಮಾ. ನಾಲ್ಕೂ ಆ್ಯಪ್ ಹಾಕಿಸಿಕೊಂಡು, ತೆಗೆದು, ಮತ್ತೆ ಹಾಕಿಸಿ ನೋಡಿದ್ದೇವೆ. ಪ್ರತಿಯೊಂದರ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿದೆ.

ಜಿಯೋಹಾಟ್‌ಸ್ಟಾರ್‌ನಿಂದಲೇ ಶುರು ಮಾಡುತ್ತೇನೆ. ಕನ್ನಡದ ಮನೆಗೆ ಅತಿ ಹೆಚ್ಚು ಬಳಕೆಗೆ ಬರುವುದು ಇದೇ. ಕಲರ್ಸ್ ಕನ್ನಡ ಇಲ್ಲಿದೆ, ಸ್ಟಾರ್ ಸುವರ್ಣ ಇಲ್ಲಿದೆ, ಬಿಗ್ ಬಾಸ್ ಇಲ್ಲಿದೆ, ಐಪಿಎಲ್ ಇಲ್ಲಿದೆ. ಇವೆಲ್ಲ ಒಂದೇ ಕಡೆ ಸೇರಿದ್ದು ಈಚೆಗೆ. ಮೊದಲು ಕಲರ್ಸ್ ಕನ್ನಡದ ಕಾರ್ಯಕ್ರಮ ವೂಟ್‌ನಲ್ಲಿ ಬರುತ್ತಿತ್ತು. 2023ರಲ್ಲಿ ವೂಟ್ ಮುಚ್ಚಿ ಜಿಯೋಸಿನಿಮಾಕ್ಕೆ ಸೇರಿತು. ಸುವರ್ಣದ ಧಾರಾವಾಹಿ ಮಾತ್ರ ಹಾಟ್‌ಸ್ಟಾರ್‌ನಲ್ಲೇ ಇತ್ತು. ಅತ್ತೆಗೆ ಎರಡು ಆ್ಯಪ್ ನಡುವೆ ಓಡಾಡುವುದೇ ಕಷ್ಟವಾಗುತ್ತಿತ್ತು. ಈಗ ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಒಂದಾಗಿ ಆ ತೊಂದರೆ ತಪ್ಪಿದೆ. ವಿಲೀನದಿಂದ ನಮಗೆ ಆದ ನಿಜವಾದ ಅನುಕೂಲ ಇದು, ಇಲ್ಲ ಅನ್ನಲಾರೆ.

ಆದರೆ ಅದಕ್ಕೆ ಮುಂಚಿನ ಎರಡು ವರ್ಷ ನೆನಪಿಸಿಕೊಳ್ಳಿ. 2022ರ ಜೂನ್ ಹರಾಜಿನಲ್ಲಿ ಐಪಿಎಲ್‌ನ ಐದು ವರ್ಷದ ಡಿಜಿಟಲ್ ಹಕ್ಕು ರಿಲಯನ್ಸ್ ಕಡೆಯ ವಯಾಕಾಮ್18 ಪಾಲಾಯಿತು. ಅವರು ಒಪ್ಪಿದ್ದು 23,758 ಕೋಟಿ ರೂಪಾಯಿಗೆ. ಅಷ್ಟು ಕೊಟ್ಟು ತಂದ ಐಪಿಎಲ್ ಅನ್ನು 2023ರಲ್ಲಿ ಜಿಯೋಸಿನಿಮಾದಲ್ಲಿ ಎಲ್ಲರಿಗೂ ಪುಕ್ಕಟೆ ತೋರಿಸಿದರು. ಹಾಟ್‌ಸ್ಟಾರ್‌ಗೆ ಏಟು ಬಿತ್ತು. 2022ರ ಅಕ್ಟೋಬರ್‌ನಲ್ಲಿ 6.13 ಕೋಟಿ ಇದ್ದ ಅದರ ಚಂದಾದಾರರು ಒಂದೇ ವರ್ಷದಲ್ಲಿ 3.76 ಕೋಟಿಗೆ ಇಳಿದರು. ಅವರೂ ಬಿಡಲಿಲ್ಲ. 2023ರ ವಿಶ್ವಕಪ್ಪನ್ನು ಮೊಬೈಲ್‌ನಲ್ಲಿ ಪುಕ್ಕಟೆ ಕೊಟ್ಟರು. ಫೈನಲ್ ದಿನ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು. 2024ರ ಏಪ್ರಿಲ್‌ನಲ್ಲಿ ಜಿಯೋಸಿನಿಮಾ ತಿಂಗಳಿಗೆ 29 ರೂಪಾಯಿಯ ಪ್ಲಾನ್ ತಂದಿತು. ಇಪ್ಪತ್ತೊಂಬತ್ತು ರೂಪಾಯಿ!

ಅಂಥ ದರ ಇಬ್ಬರು ಜಗಳ ಆಡುವಾಗ ಮಾತ್ರ ಸಿಗುತ್ತದೆ. 2024ರ ನವೆಂಬರ್ 14ಕ್ಕೆ ಜಗಳ ಮುಗಿಯಿತು. ಹಾಟ್‌ಸ್ಟಾರ್ ನಡೆಸುತ್ತಿದ್ದ ಸ್ಟಾರ್ ಇಂಡಿಯಾ ಮತ್ತು ಜಿಯೋಸಿನಿಮಾ ನಡೆಸುತ್ತಿದ್ದ ವಯಾಕಾಮ್18 ಸೇರಿ ಜಿಯೋಸ್ಟಾರ್ ಎಂಬ ಒಂದೇ ಕಂಪನಿ ಆದವು. ಜಿಯೋಹಾಟ್‌ಸ್ಟಾರ್ ಅದರ ಆ್ಯಪ್. ಹೊಸ ಕಂಪನಿಯ ಮೌಲ್ಯ 70,352 ಕೋಟಿ ರೂಪಾಯಿ ಎಂದು ಹೇಳಲಾಯಿತು. ವಿಲೀನಕ್ಕೆ ಒಪ್ಪಿಗೆ ಪಡೆಯುವಾಗ, ಮಾರುಕಟ್ಟೆಯಲ್ಲಿ ಪೈಪೋಟಿ ಉಳಿಯುವಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗದ ಮುಂದೆ ಕಂಪನಿಗಳು ಒಂದು ಭರವಸೆ ಕೊಟ್ಟವು: ಕ್ರಿಕೆಟ್ ಪಂದ್ಯಗಳ ಜಾಹೀರಾತು ದರವನ್ನು ಮಿತಿಮೀರಿ ಏರಿಸುವುದಿಲ್ಲ ಅಂತ. ಜಾಹೀರಾತು ಕೊಡುವವರಿಗೆ ಅದು ಒಳ್ಳೆಯದೇ. ಮನೆಯಲ್ಲಿ ಕೂತು ನೋಡುವವರಿಗೆ ಸಿಕ್ಕಿದ್ದು ಒಂದು ವರ್ಷದಲ್ಲೇ 1,499ರಿಂದ 2,199ಕ್ಕೆ ಏರಿದ ದರ.

ಹಾಗಾದರೆ ಪ್ರೀಮಿಯಂ ಬೇಕಾ? ನಮ್ಮ ಅನುಭವದಲ್ಲಿ ಬೇಡ. ಜಾಹೀರಾತಿಲ್ಲದ ಪ್ಲಾನ್ ಅಂದರೂ ಲೈವ್ ಪಂದ್ಯದಲ್ಲಿ ಜಾಹೀರಾತು ಬಂದೇ ಬರುತ್ತದೆ. ಧಾರಾವಾಹಿ ನೋಡುವವರಿಗೆ ಟಿವಿಯಲ್ಲಿ ಜಾಹೀರಾತು ರೂಢಿಯಾಗಿಯೇ ಇರುತ್ತದೆ. ನಮ್ಮ ಅತ್ತೆ ಆ ಹೊತ್ತಲ್ಲಿ ಕುಕ್ಕರ್ ನೋಡಿಕೊಂಡು ಬರುತ್ತಾರೆ. ಜಾಹೀರಾತು ಬರುವ ಸೂಪರ್ ಪ್ಲಾನ್ ಈಗ ತಿಂಗಳಿಗೆ 149, ವರ್ಷಕ್ಕೆ 1,099. ಟಿವಿಯಲ್ಲೂ ಆಗುತ್ತದೆ, ಎರಡು ಕಡೆ ಒಟ್ಟಿಗೆ ನೋಡಬಹುದು. ಐಪಿಎಲ್‌ಗೆ ಎರಡು ತಿಂಗಳು, ಬಿಗ್ ಬಾಸ್‌ಗೆ ನಾಲ್ಕು ತಿಂಗಳು ಅಂತ ಲೆಕ್ಕ ಹಾಕಿದರೆ ತಿಂಗಳ ದರದಲ್ಲಿ 894 ಆಗುತ್ತದೆ. ಅಷ್ಟಕ್ಕೇ ನಿಲ್ಲಿಸುವ ಮನೆಯಾದರೆ ತಿಂಗಳ ಪ್ಲಾನ್ ಸರಿ. ದಿನಾ ಧಾರಾವಾಹಿ ಇರುವ ಮನೆಯಾದರೆ ವರ್ಷದ್ದು ಹಾಕಿಸಿಬಿಡಿ. ಇನ್ನೊಂದು ಕಾರಣವೂ ಇದೆ. ಎದುರಾಳಿ ಇಲ್ಲದ ಕಡೆ ದರ ಏರುವ ಸಾಧ್ಯತೆಯೇ ಜಾಸ್ತಿ. ವರ್ಷದ ಹಣ ಕಟ್ಟಿದರೆ ಅಷ್ಟು ಕಾಲವಾದರೂ ಹಳೆ ದರ ಉಳಿಯುತ್ತದೆ.

ಧಾರಾವಾಹಿಯ ಇನ್ನರ್ಧ ಪಾಲು ಝೀ5 ಕೈಯಲ್ಲಿದೆ, ಝೀ ಕನ್ನಡ ಅಲ್ಲಿರುವುದರಿಂದ. ಟಿವಿಗಿಂತ ಮೊದಲೇ ಕಂತು ಸಿಗುವುದು ಇದರ ದೊಡ್ಡ ಆಕರ್ಷಣೆ. ಮಧ್ಯಾಹ್ನವೇ ನೋಡಿ ಮುಗಿಸಿ, ಸಂಜೆ ಪಕ್ಕದ ಮನೆಯವರಿಗೆ ಕಥೆ ಹೇಳುವ ಸಂತೋಷ ಅತ್ತೆಗೆ ಸಣ್ಣದಲ್ಲ. ಈ ಕಂಪನಿ ಸೋನಿ ಜೊತೆ ಸೇರಬೇಕಿತ್ತು. 2021ರಲ್ಲಿ ಶುರುವಾದ ಮಾತು 2024ರ ಜನವರಿ 22ರಂದು ಮುರಿದುಬಿತ್ತು. ಹಾಗಾಗಿ ಝೀ5, ಸೋನಿಲಿವ್ ಎರಡೂ ಬೇರೆ ಬೇರೆಯಾಗಿಯೇ ಉಳಿದವು. ಕನ್ನಡಕ್ಕೆ ಇದರಿಂದ ಕೆಟ್ಟದ್ದೇನೂ ಆಗಿಲ್ಲ ಅನ್ನುವುದು ನನ್ನ ಅನಿಸಿಕೆ. ದೊಡ್ಡವರ ಎದುರು ನಿಲ್ಲಬೇಕು ಅಂದರೆ ಭಾಷೆಯನ್ನೇ ನೆಚ್ಚಬೇಕಾಗುತ್ತದೆ. 2025ರಲ್ಲಿ ಝೀ5 ಕನ್ನಡದಲ್ಲೇ ವೆಬ್ ಸರಣಿಗಳನ್ನು ಮಾಡಿಸಿತು. ಡಬ್ ಮಾಡಿದ್ದಲ್ಲ, ನಮ್ಮ ನಟರು, ನಮ್ಮ ಊರುಗಳು. ಆ ಒಂದು ಕಾರಣಕ್ಕೆ ನಾನು ಇದಕ್ಕೆ ಹಣ ಕಟ್ಟುತ್ತೇನೆ. ಉದಯ ಟಿವಿ ನೋಡುವವರಿಗೆ ಸನ್ ನೆಕ್ಸ್ಟ್ ಬೇಕಾಗುತ್ತದೆ. ನಮ್ಮಲ್ಲಿ ಅದನ್ನು ಹಾಕಿಸಿಲ್ಲ.

ಪ್ರೈಮ್ ಅನ್ನು ನೇರವಾಗಿ ಹೋಲಿಸುವುದು ಸ್ವಲ್ಪ ಕಷ್ಟ. ಪಾರ್ಸೆಲ್ ಬೇಗ ಬರುವ ಸೌಲಭ್ಯವೂ ಅದೇ ಹಣದಲ್ಲಿ ಸೇರಿದೆ. ಬರೀ ವಿಡಿಯೋಗೆ ಅಂತಾದರೆ ಐದು ತಿಂಗಳ ಲೆಕ್ಕ ನೆನಪಿಡಿ: ತಿಂಗಳ ದರದಲ್ಲಿ ಐದು ತಿಂಗಳಿಗೆ 1,495. ವರ್ಷದಲ್ಲಿ ಐದು ತಿಂಗಳಿಗಿಂತ ಕಡಿಮೆ ನೋಡುವವರು ವರ್ಷದ್ದು ಕಟ್ಟುವುದು ಸುಮ್ನೆ ದಂಡ. ಕೆಲವು ಸಿನಿಮಾಗಳಿಗೆ ಚಂದಾ ಮೇಲೆ ಬೇರೆ ಬಾಡಿಗೆಯೂ ಇದೆ, ಅದನ್ನೂ ಗಮನದಲ್ಲಿಡಿ.

ಕನ್ನಡ ಸಿನಿಮಾ ನೋಡುವವರಿಗೆ ಮಾತ್ರ ಪ್ರೈಮ್ ಬಹಳ ಕಾಲದಿಂದ ಮುಖ್ಯ. 2020ರ ಜುಲೈನಲ್ಲಿ, ಚಿತ್ರಮಂದಿರಗಳು ಮುಚ್ಚಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ ಎರಡು ಚಿತ್ರಗಳು ನೇರವಾಗಿ ಇಲ್ಲಿ ಬಂದವು. 2022ರಲ್ಲಿ 'ಕಾಂತಾರ' ಕನ್ನಡದಲ್ಲಿ ಪ್ರೈಮ್‌ಗೆ ಬಂತು. ಅದೇ ಚಿತ್ರದ ಹಿಂದಿ ರೂಪ ನೆಟ್‌ಫ್ಲಿಕ್ಸ್‌ಗೆ ಹೋಯಿತು. ಇಬ್ಬರು ಕೊಳ್ಳುವವರು ಇದ್ದಾಗ ನಿರ್ಮಾಪಕರಿಗೆ ಹೀಗೆ ಭಾಷೆಗೊಂದು ಬೆಲೆ ಕೇಳುವ ಅವಕಾಶ ಇರುತ್ತದೆ.

ನನಗೆ ನೋವು ಇರುವುದು ಇಲ್ಲೇ. ವೂಟ್, ಜಿಯೋಸಿನಿಮಾ, ಹಾಟ್‌ಸ್ಟಾರ್ ಮೂರೂ ಒಂದಾದವು ಅಂದರೆ ಕನ್ನಡ ಸಿನಿಮಾ ಕೊಳ್ಳುವ ಬಾಗಿಲುಗಳೂ ಅಷ್ಟು ಕಡಿಮೆಯಾದವು. ಸ್ಟಾರ್ ನಟರ ಚಿತ್ರಕ್ಕೆ ಹೇಗೋ ದಾರಿ ಇದೆ. ಸಣ್ಣ ಬಜೆಟ್‌ನ ಒಳ್ಳೆಯ ಚಿತ್ರ ಎಲ್ಲಿಗೆ ಹೋಗಬೇಕು? ರಕ್ಷಿತ್ ಶೆಟ್ಟಿ ಅವರಂಥ ಹೆಸರಿರುವವರೇ ತಮ್ಮ ಸಂಸ್ಥೆಯ 'ಏಕಂ' ಸರಣಿಯನ್ನು ಕೊಳ್ಳುವ ಒಟಿಟಿ (ಇಂಥ ವಿಡಿಯೋ ಆ್ಯಪ್) ಸಿಗದೆ 2024ರ ಜುಲೈನಲ್ಲಿ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಬೇಕಾಯಿತು. ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲೇ ಸಿಸ್ಪೇಸ್ ಎಂಬ ಒಟಿಟಿ ತೆರೆಯಿತು. ಅಲ್ಲಿ ಚಂದಾ ಇಲ್ಲ. ಒಂದು ಸಿನಿಮಾಕ್ಕೆ 75 ರೂಪಾಯಿ ಕೊಟ್ಟು ನೋಡಬಹುದು. ನಮ್ಮ ಸರ್ಕಾರ 2025ರ ಮಾರ್ಚ್‌ನ ಬಜೆಟ್‌ನಲ್ಲಿ ಕನ್ನಡ ಚಿತ್ರಗಳಿಗೆ ಒಟಿಟಿ ವೇದಿಕೆ ಮಾಡುವುದಾಗಿ ಹೇಳಿತು. ಅದು ಚೆನ್ನಾಗಿ ಆಗಬೇಕು. ನಿಜವಾಗಿ ಕನ್ನಡಕ್ಕೆ ಬೇಕಾದ ಪೈಪೋಟಿ ಅದು.

ನೆಟ್‌ಫ್ಲಿಕ್ಸ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2016ರಲ್ಲಿ 500, 650, 800 ರೂಪಾಯಿಯ ಪ್ಲಾನ್‌ಗಳೊಂದಿಗೆ ಬಂತು. ನಮ್ಮಂಥ ಮನೆಗಳು ಅತ್ತ ನೋಡಲೇ ಇಲ್ಲ. 2019ರಲ್ಲಿ 199ರ ಮೊಬೈಲ್ ಪ್ಲಾನ್ ತಂದರು. 2021ರ ಡಿಸೆಂಬರ್‌ನಲ್ಲಿ ಮೊಬೈಲ್ 149, ಬೇಸಿಕ್ 199, ಸ್ಟ್ಯಾಂಡರ್ಡ್ 499, ಪ್ರೀಮಿಯಂ 649 ಮಾಡಿದರು. ನಮ್ಮ ದೇಶದಲ್ಲಿ ದರ ಇಳಿಸಿ ಜನರನ್ನು ಕರೆದವರು ಇವರು. ಜಾಹೀರಾತು ಇಲ್ಲ, ವರ್ಷದ ಪ್ಲಾನ್ ಇಲ್ಲ. ಬೇಡ ಅಂದಾಗ ಆ ತಿಂಗಳಿಗೇ ನಿಲ್ಲಿಸಬಹುದು. ಕನ್ನಡ ತೀರಾ ಕಡಿಮೆ, ಅತ್ತೆಗೆ ಇಲ್ಲಿ ಏನೂ ಇಲ್ಲ. ಮಗಳ ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳು 199ರ ಪ್ಲಾನ್ ಹಾಕಿಸುತ್ತೇವೆ. ನಮ್ಮ ಟಿವಿಗೆ ಆ ಪ್ಲಾನ್‌ನ ಚಿತ್ರದ ಗುಣಮಟ್ಟ ಸಾಕು.

ಒಂದು ಎಚ್ಚರಿಕೆ ಮಾತು. ಒಂದು ಆ್ಯಪ್‌ನಲ್ಲಿ ನಾವು ಪ್ಲಾನ್ ನಿಲ್ಲಿಸಿದ್ದೇವೆ ಅಂದುಕೊಂಡ ಮೇಲೂ ಖಾತೆಯಿಂದ ಹಣ ಕಟ್ ಆಯಿತು. ಅಂದಿನಿಂದ ಆ್ಯಪ್‌ನಲ್ಲಿ ನಿಲ್ಲಿಸುವುದರ ಜೊತೆಗೆ ಯುಪಿಐ ಆ್ಯಪ್‌ನ ಆಟೋಪೇ ಭಾಗಕ್ಕೂ ಹೋಗಿ ಅನುಮತಿ ತೆಗೆದುಹಾಕುತ್ತೇನೆ. ರೀಚಾರ್ಜ್ ಮಾಡುವಾಗಲೂ ನೋಡಿಕೊಳ್ಳಿ. ಕೆಲವು ಮೊಬೈಲ್ ಪ್ಲಾನ್‌ಗಳ ಜೊತೆ ಒಟಿಟಿ ಸೇರಿಯೇ ಬರುತ್ತದೆ. ಒಂದೇ ಆ್ಯಪ್‌ಗೆ ಎರಡು ಕಡೆ ಹಣ ಕಟ್ಟುವವರು ನಮ್ಮ ಬೀದಿಯಲ್ಲೇ ಇದ್ದಾರೆ.

ಈಗ ನಮ್ಮ ಮನೆಯಲ್ಲಿ ಜಿಯೋಹಾಟ್‌ಸ್ಟಾರ್ ಸೂಪರ್ ಮತ್ತು ಝೀ5 ವರ್ಷದ ಲೆಕ್ಕದಲ್ಲಿವೆ. ಪ್ರೈಮ್ ಅನ್ನು ನೋಡಬೇಕಾದ ನಾಲ್ಕೈದು ಕನ್ನಡ ಚಿತ್ರ ಸೇರಿದಾಗ ತಿಂಗಳಿಗೆ ಮಾತ್ರ ಹಾಕಿಸುತ್ತೇವೆ. ನೆಟ್‌ಫ್ಲಿಕ್ಸ್ ರಜೆಗೆ. ನಾಲ್ಕನ್ನೂ ವರ್ಷವಿಡೀ ಇಟ್ಟುಕೊಳ್ಳದೆ ಉಳಿಸಿದ ಹಣದಲ್ಲಿ ಸಣ್ಣ ಕನ್ನಡ ಚಿತ್ರಗಳು ಬಿಡುಗಡೆಯಾದ ಮೊದಲ ವಾರವೇ ಟಿಕೆಟ್ ತೆಗೆದು ಥಿಯೇಟರಿಗೆ ಹೋಗುತ್ತೇವೆ.