ಎಕ್ಸಾಸ್ಟ್ ಪ್ಯಾಕಿಂಗ್‌ಗೆ ಸಿಲಿಕಾನ್ ಬಳಿಯಲು ಬಿಡಬೇಡಿ

ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಂದ ಬರುವ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಕಳಿಸುವ ಕೊಳವೆ) ಬಿಚ್ಚಿಸುವ ಕೆಲಸ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೊಸ ಗ್ಯಾಸ್ಕೆಟ್ (ಹೊಗೆ ಸೋರದಂತೆ ಜೋಡಣೆಯ ನಡುವೆ ಇಡುವ ಪ್ಯಾಕಿಂಗ್) ಅಂತ ಬಿಲ್ ಬರೆದು, ಹಳೆಯದಕ್ಕೇ ಸಿಲಿಕಾನ್ ಪೇಸ್ಟ್ ಬಳಿದು ಕೂರಿಸಿ ಕಳಿಸಿದ್ದರಿಂದ ನಮ್ಮ ಮನೆಯ ನಾಲ್ಕೂ ಜನ ಶಿರಾಡಿ ಘಾಟಿಯಲ್ಲಿ ವಿಷದ ಹೊಗೆ ಕುಡಿದೆವು. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಈ ಚಾಳಿ ಅವರೊಬ್ಬರಿಗೇ ಇಲ್ಲ ಅಂತ ಆಮೇಲೆ ವಿಚಾರಿಸಿದಾಗ ಗೊತ್ತಾಯಿತು.

ನಮ್ಮದು ಹತ್ತು ವರ್ಷ ದಾಟಿದ ಪೆಟ್ರೋಲ್ ಕಾರು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಶಬ್ದ ಶುರುವಾಗುತ್ತಿತ್ತು. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು, ಇಂಜಿನ್ ಬಿಸಿಯಾದ ಮೇಲೆ ಕಡಿಮೆ. ಟ್ಯಾಪೆಟ್ (ಇಂಜಿನ್ನಿನ ವಾಲ್ವ್ ತೆರೆಯುವ ಭಾಗ) ಶಬ್ದ ಅಂತ ಬಹಳ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಕಾದಾಗ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಶಬ್ದ ಅಡಗುವುದು. ಇಂಜಿನ್ ಹೆಡ್‌ಗೂ ಮ್ಯಾನಿಫೋಲ್ಡ್‌ಗೂ ನಡುವಿನ ಪ್ಯಾಕಿಂಗ್ ಹೋಗಿದೆ ಅಂತ ಗ್ಯಾರೇಜಿನವರು ಸರಿಯಾಗೇ ಗುರುತು ಹಿಡಿದರು. ಸಂಜೆ ಗಾಡಿ ಕೊಟ್ಟಾಗ ಶಬ್ದ ನಿಂತಿತ್ತು. ಹಳೇ ಪ್ಯಾಕಿಂಗ್ ಎಲ್ಲಪ್ಪಾ ಅಂತ ಕೇಳಿದೆ. "ಗುಜರಿಗೆ ಹಾಕ್ಬಿಟ್ವಿ ಸಾರ್. ಹೊಸದು ಕೂರಿಸಿದೀವಿ, ಇನ್ನು ಐದು ವರ್ಷ ಆ ಕಡೆ ನೋಡೋದೇ ಬೇಡ" ಅಂದರು.

ಅದಾದ ಸ್ವಲ್ಪ ದಿನಕ್ಕೆ, ಜೋರು ಮಳೆಯಲ್ಲಿ, ಮಂಗಳೂರಿಂದ ಹಾಸನಕ್ಕೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಘಾಟಿ ಹತ್ತುವಾಗ ಮುಂದೆಲ್ಲ ಲಾರಿಗಳ ಸಾಲು. ಒಂದನೇ ಗೇರು, ಎರಡನೇ ಗೇರು, ಮತ್ತೆ ನಿಲ್ಲುವುದು. ಗಾಜು ಪೂರ್ತಿ ಏರಿಸಿ ಎಸಿ ಹಾಕಿದ್ದೆವು. ಮೊದಲು ಮಗಳಿಗೆ ವಾಕರಿಕೆ ಬಂತು. ತಿರುವಿನ ರಸ್ತೆಯಲ್ಲವೇ, ಅಮ್ಮ ನಿಂಬೆಹಣ್ಣು ಮೂಸಲು ಕೊಟ್ಟರು. ಸ್ವಲ್ಪ ಹೊತ್ತಿಗೆ ಅಮ್ಮನಿಗೇ ಹಣೆಗೆ ಪಟ್ಟಿ ಬಿಗಿದ ಹಾಗೆ ತಲೆನೋವು, ಮಾತು ಎಳೆಯತೊಡಗಿತು. ಹೊಗೆಯ ವಾಸನೆ ಇತ್ತು, ಆದರೆ ಮುಂದಿನ ಲಾರಿಯದು ಅನ್ನುವಷ್ಟೇ. ಘಾಟಿ ರಸ್ತೆಗೆ ಎಂದೂ ತಲೆ ಸುತ್ತದ ನನ್ನ ಹೆಂಡತಿ, "ರೀ, ಎಲ್ಲರಿಗೂ ಒಟ್ಟಿಗೇ ಹೀಗಾಗ್ತಿದೆ, ಮೊದ್ಲು ಗಾಡಿ ನಿಲ್ಸಿ" ಅಂದಳು. ಅವಳಿಗೆ ಅದು ಹೊಳೆಯದಿದ್ದರೆ ಏನಾಗುತ್ತಿತ್ತೋ. ಇಂಜಿನ್ ಬಂದ್ ಮಾಡಿ ಮಳೆಯಲ್ಲೇ ಇಳಿದು ನಿಂತೆವು. ಹಿಂದಿನ ಕಾರಿನವರು ಪುಣ್ಯಾತ್ಮರು, ನಮ್ಮನ್ನು ಸಕಲೇಶಪುರದ ಆಸ್ಪತ್ರೆಗೆ ಮುಟ್ಟಿಸಿದರು. ನಮ್ಮ ಗಾಡಿಯನ್ನು ಟೋ ಮಾಡಿಸಿ ತರಿಸಿದೆ.

ನಮ್ಮನ್ನು ಕಾಡಿದ್ದು ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸೈಲೆನ್ಸರ್ ತುದಿಯಲ್ಲಿ ಬರುವ ಹೊಗೆ, ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಯ್ದು ಬಂದಿರುತ್ತದೆ, ಈ ಅನಿಲದ ಬಹುಪಾಲು ಅಲ್ಲೇ ಕಳೆದಿರುತ್ತದೆ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಇರುವುದು ಕನ್ವರ್ಟರಿಗಿಂತ ಮೊದಲು. ಅಲ್ಲಿ ಸೋರುವುದು ಹಸಿ ಹೊಗೆ. ನಮ್ಮ ಕಾರಿನಲ್ಲಿ ಮ್ಯಾನಿಫೋಲ್ಡ್ ಇಂಜಿನ್ನಿನ ಹಿಂಬದಿಗೆ, ಅಂದರೆ ಡ್ಯಾಶ್‌ಬೋರ್ಡಿನ ಕಡೆಗೇ ಇದೆ, ಹಾಗಾಗಿ ಸೋರಿದ ಹೊಗೆ ಸುಲಭವಾಗಿ ಕಾರಿನೊಳಗೆ ಬಂತು.

ಹಾಸನದಲ್ಲಿ ಇನ್ನೊಬ್ಬ ಮೆಕ್ಯಾನಿಕ್ ನನ್ನ ಕಣ್ಣೆದುರೇ ಬಿಚ್ಚಿದರು. ಒಳಗಿದ್ದದ್ದು ಅದೇ ಹಳೇ ಪ್ಯಾಕಿಂಗ್. ಸುತ್ತ ಬಳಿದಿದ್ದ ಕೆಂಪು ಸಿಲಿಕಾನ್ ಸುಟ್ಟು, ಉಗುರಿನಲ್ಲಿ ಕೆರೆದರೆ ಬಿಳಿ ಪುಡಿಯಾಗಿ ಉದುರಿತು. ಕೊನೆಯ ಸಿಲಿಂಡರಿನ ಬಾಯಿಂದ ಹೊರಗಿನವರೆಗೆ ಬೀಸಣಿಗೆ ಬಿಚ್ಚಿದ ಹಾಗೆ ಮಸಿ ಹರಡಿತ್ತು. ಆ ತುದಿಯ ಸ್ಟಡ್ (ನಟ್ಟು ಕೂರುವ, ತಲೆಯಿಲ್ಲದ ಬೋಲ್ಟ್) ಮುರಿದು ಅರ್ಧ ಹೆಡ್ಡಿನೊಳಗೇ ಉಳಿದಿತ್ತು, ಮೇಲೆ ನಟ್ಟೇ ಇಲ್ಲ. ಸಿಲಿಕಾನ್ ಯಾಕೆ ಬಂತು ಅಂತ ಆಗ ಅರ್ಥವಾಯಿತು. ತುಕ್ಕು ಹಿಡಿದ ನಟ್ಟನ್ನು ಬಲವಂತವಾಗಿ ತಿರುಗಿಸಿ ಸ್ಟಡ್ ಮುರಿದಿದ್ದಾರೆ, ಅದನ್ನು ಡ್ರಿಲ್ ಹೊಡೆದು ತೆಗೆಯುವ ಕೆಲಸ ತಪ್ಪಿಸಿಕೊಳ್ಳಲು ಪೇಸ್ಟ್ ತುಂಬಿದ್ದಾರೆ. ಇದನ್ನು ನಾನು ಕ್ಷಮಿಸಲಾರೆ. ಮುರಿಯುವುದು ಯಾರ ಕೈಯಲ್ಲಾದರೂ ಆಗಬಹುದು, ಹೇಳಿದ್ದರೆ ದುಡ್ಡು ಕೊಟ್ಟು ಮಾಡಿಸುತ್ತಿದ್ದೆ.

ಒಳ್ಳೆಯ ಕೆಂಪು ಸಿಲಿಕಾನ್ ಕೂಡ ತಡೆಯುವುದು 300-350 ಡಿಗ್ರಿ ಸೆಲ್ಸಿಯಸ್ಸಿನವರೆಗೆ. ಏರು ಹತ್ತುವಾಗ ಪೆಟ್ರೋಲ್ ಇಂಜಿನ್ನಿಂದ ಹೊರಬೀಳುವ ಹೊಗೆ 700-800 ಡಿಗ್ರಿ ಮುಟ್ಟುತ್ತದೆ. ಊರೊಳಗೆ ನಾಲ್ಕು ದಿನ ಶಬ್ದ ಬಾರದಂತೆ ಮಾಡಲು ಮಾತ್ರ ಅದು ಸಾಕು. ಹಳೇ ಪ್ಯಾಕಿಂಗ್ ಮತ್ತೆ ಹಾಕುವುದೂ ಅಷ್ಟೇ ದಂಡ. ಸ್ಟೀಲ್ ಪದರದ ಪ್ಯಾಕಿಂಗಿನಲ್ಲಿ ರಂಧ್ರದ ಸುತ್ತ ಉಬ್ಬಿದ ಅಂಚು ಇರುತ್ತದೆ, ಒಮ್ಮೆ ಬಿಗಿದಾಗ ಅದು ಚಪ್ಪಟೆಯಾದರೆ ಮುಗಿಯಿತು.

ಹಾಸನದವರು ಮಾಡಿದ್ದನ್ನು ಹೇಳುತ್ತೇನೆ, ನೀವೂ ಹೀಗೇ ಕೇಳಿ ಮಾಡಿಸಿ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಇಂಜಿನ್ ಪೂರ್ತಿ ತಣ್ಣಗಾದ ಮೇಲೇ ಕೈ ಹಾಕಿದರು. ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್ ತೂರಿಸಿದಾಗ ಒಂದು ತುದಿ ಬಾಗಿದ್ದು ಕಂಡಿತು. ಲೇತಿಗೆ ಕಳಿಸಿ ಮುಖ ಸಮ ಮಾಡಿಸಿದರು. ಬಾಗಿದ ಮುಖಕ್ಕೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಮತ್ತೆ ಸುಡುತ್ತದೆ. ಹೊಸ ಸ್ಟಡ್, ಹೊಸ ನಟ್ಟು, ಪ್ಯಾಕಿಂಗ್ ಒಣಗಿದ್ದೇ, ಯಾವ ಪೇಸ್ಟೂ ಇಲ್ಲ. ಬಿಗಿಯುವುದು ನಡುವಿನಿಂದ ಶುರು ಮಾಡಿ ತುದಿಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ, ಸರ್ವಿಸ್ ಮ್ಯಾನ್ಯುಯಲ್‌ನ ಅಳತೆಗೆ ಟಾರ್ಕ್ ರೆಂಚ್ (ಬಿಗಿತ ಅಳೆದು ತಿರುಗಿಸುವ ಸ್ಪ್ಯಾನರ್) ಇಟ್ಟು. ಟಾರ್ಕ್ ರೆಂಚ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಹಳೇ ಪ್ಯಾಕಿಂಗ್ ಕೈಗೆ ಕೊಡಬೇಕು ಅಂತ ಗಾಡಿ ಬಿಡುವಾಗಲೇ ಹೇಳಿ.

ಮೈಲೇಜ್ ಕಾರಣವಿಲ್ಲದೆ ಇಳಿದರೂ ಇದನ್ನು ಅನುಮಾನಿಸಿ. ಸೋರುವ ಸಂದಿನಿಂದ ಹೊರಗಾಳಿ ಒಳಗೆಳೆದುಕೊಂಡರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮೋಸಹೋಗಿ, ಇಂಜಿನ್ ಸುಮ್ಮನೆ ಹೆಚ್ಚು ಪೆಟ್ರೋಲ್ ಸುರಿಯುತ್ತದೆ.

ಇನ್ನೊಂದು ವಿಷಯ. ಆಸ್ಪತ್ರೆಯಲ್ಲಿ ಅಮ್ಮನ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 98 ತೋರಿಸಿತು. ನಾವು ಸಮಾಧಾನಪಟ್ಟೆವು, ವೈದ್ಯರು ಪಡಲಿಲ್ಲ. ಕಾರ್ಬನ್ ಮಾನಾಕ್ಸೈಡ್ ಅಂಟಿದ ರಕ್ತವನ್ನೂ ಆ ಸಾಧನ ಆಮ್ಲಜನಕ ತುಂಬಿದ್ದು ಅಂತಲೇ ಓದುತ್ತದಂತೆ. ಪರೀಕ್ಷೆಗೆ ರಕ್ತ ತೆಗೆದುಕೊಂಡು, ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಆದ್ದರಿಂದ ಕಾರಿನಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಎಸಿಯನ್ನು ಹೊರಗಾಳಿಗೆ ತಿರುಗಿಸಿದರೆ ಸಾಕು ಅಂದುಕೊಂಡು ಮುಂದೆ ಹೋಗಬೇಡಿ, ಆ ಗಾಳಿ ಬರುವುದೇ ಬಾನೆಟ್ಟಿನ ಹಿಂದಿನ ಜಾಲರಿಯಿಂದ. ಇಂಜಿನ್ ಆರಿಸಿ ಇಳಿಯಿರಿ. ಆಸ್ಪತ್ರೆಯಲ್ಲಿ ಬರೀ ತಲೆನೋವು, ವಾಂತಿ ಅನ್ನದೆ, ಕಾರಿನ ಹೊಗೆ ಒಳಗೆ ಬಂದಿರಬಹುದು ಅಂತ ಮೊದಲ ಮಾತಿನಲ್ಲೇ ಹೇಳಿ.