ಪ್ಲೇಸ್ಟೇಷನ್ 4ರಿಂದ 5ಕ್ಕೆ: ಲಾಭವಾದದ್ದು ಹಳೆಯ ಆಟಗಳಿಗೆ

ಟಿವಿಗೆ ಜೋಡಿಸಿ ವಿಡಿಯೊ ಆಟ ಆಡುವ ಹೊಸ ಯಂತ್ರ, ಅಂದರೆ ಕನ್ಸೋಲ್, ಕೊಳ್ಳಬೇಕೆನ್ನುವವರು ಮೊದಲು ಕೇಳುವುದು ಚಿತ್ರದ ಬಗ್ಗೆ. ಎಷ್ಟು ಸ್ಪಷ್ಟ, ಎಷ್ಟು ಹೊಳಪು, ಹಳೆಯದಕ್ಕಿಂತ ಎಷ್ಟು ವ್ಯತ್ಯಾಸ? ಸೋನಿಯ ಪ್ಲೇಸ್ಟೇಷನ್ 4ನ್ನು ಬಿಟ್ಟು 5ಕ್ಕೆ ಬಂದು ಕೆಲವು ವರ್ಷಗಳಾಗಿವೆ. ಈಗ ನನ್ನನ್ನು ಕೇಳಿದರೆ ಚಿತ್ರಕ್ಕೆ ಮೂರನೆಯ ಸ್ಥಾನ ಕೊಡುತ್ತೇನೆ. ಮೊದಲನೆಯದು ಕಾಯುವುದು ತಪ್ಪಿದ್ದು, ಎರಡನೆಯದು ಚಲನೆ ನಯವಾದದ್ದು. ಇವೆರಡರ ಫಲ ಹೊಸದಾಗಿ ಕೊಂಡ ಆಟಗಳಿಗಿಂತ ಮೊದಲೇ ಇದ್ದ ಆಟಗಳಲ್ಲಿ ನನಗೆ ಹೆಚ್ಚು ಕಂಡಿತು. ಈ ವಿಮರ್ಶೆ ಬರೆಯಲು ಅದೇ ಕಾರಣ.

2013ರಲ್ಲಿ ಬಂದ ಪ್ಲೇಸ್ಟೇಷನ್ 4ರೊಳಗೆ ಇದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ಬೇಕಾದ ಮಾಹಿತಿ ತಟ್ಟೆಯ ಯಾವ ಮೂಲೆಯಲ್ಲಿದೆಯೋ ಅಲ್ಲಿಗೆ ಅದರ ಓದುಮುಳ್ಳು ಸರಿಯಬೇಕು. ಆ ಸರಿದಾಟದಲ್ಲೇ ಸಮಯ ಹೋಗುತ್ತಿತ್ತು. ಪ್ಲೇಸ್ಟೇಷನ್ 5ರ ಮುಖ್ಯ ವಿನ್ಯಾಸಕಾರ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ನೀಡಿದ ಉಪನ್ಯಾಸದಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದರು. ಓದುಮುಳ್ಳು ದೂರ ಹೋಗದಿರಲೆಂದು ಒಂದೇ ವಸ್ತುವಿನ ಮಾಹಿತಿಯನ್ನು ಹಾರ್ಡ್ ಡಿಸ್ಕ್‌ನ ಹಲವೆಡೆ ಮತ್ತೆ ಮತ್ತೆ ಬರೆದಿಡಬೇಕಾಗುತ್ತಿತ್ತು. ಕಾಯುವ ಹೊತ್ತು ಆಟಗಾರನಿಗೆ ತಿಳಿಯದಿರಲೆಂದು ನಿರ್ಮಾಪಕರು ನಿಧಾನದ ಲಿಫ್ಟ್‌ಗಳನ್ನೂ ಸುತ್ತುಬಳಸಿನ ಓಣಿಗಳನ್ನೂ ಆಟದೊಳಗೆ ಸೇರಿಸುತ್ತಿದ್ದರು. ಹೊಸ ಯಂತ್ರದಲ್ಲಿರುವುದು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಸೆಕೆಂಡಿಗೆ 5.5 ಗಿಗಾಬೈಟ್ ಅದರ ಮೂಲ ವೇಗ. ಸಂಕುಚಿತ ಮಾಹಿತಿಯನ್ನು ಬಿಚ್ಚುವ ಕೆಲಸಕ್ಕೆ ಬೇರೆ ಯಂತ್ರಾಂಶವೇ ಇರುವುದರಿಂದ ಮುಖ್ಯ ಪ್ರೊಸೆಸರ್‌ಗೆ ಆ ಹೊರೆ ಬೀಳುವುದಿಲ್ಲ.

ಇದರಿಂದ ನನ್ನ ಆಟದ ರೀತಿಯೇ ಬದಲಾಯಿತು. ಬ್ಲಡ್‌ಬೋರ್ನ್‌ನಂಥ ಆಟದಲ್ಲಿ ಸಾಯುವುದು ಕಲಿಕೆಯ ಭಾಗ. ಒಬ್ಬ ಎದುರಾಳಿಯ ಹೊಡೆತದ ಲಯ ಅರ್ಥವಾಗಲು ಅವನ ಕೈಯಲ್ಲಿ ಹಲವು ಸಲ ಸಾಯಲೇಬೇಕು. ಸತ್ತಾಗಲೆಲ್ಲ ಕಪ್ಪು ಪರದೆಯ ಮುಂದೆ ಕೂತಿರಬೇಕಾದರೆ ಈಗಷ್ಟೇ ಗಮನಿಸಿದ ಲಯ ಮನಸ್ಸಿನಿಂದ ಜಾರುತ್ತದೆ, ಕೈ ತಾನಾಗಿ ಮೊಬೈಲಿನ ಕಡೆ ಹೋಗುತ್ತದೆ. ಅದೇ ಆಟದ ಡಿಸ್ಕ್ ಪ್ಲೇಸ್ಟೇಷನ್ 5ರಲ್ಲಿ ಎಷ್ಟೋ ಬೇಗ ಲೋಡ್ ಆಗುತ್ತದೆ. ಸೋತ ಬಿಸಿ ಆರುವ ಮೊದಲೇ ಮತ್ತೆ ಕಣದಲ್ಲಿರುತ್ತೇನೆ. ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಕಷ್ಟದ ಆಟಗಳನ್ನು ಮುಗಿಸಲು ಸಾಧ್ಯವಾದದ್ದು ಹೀಗೆ. ನನ್ನ ಕೈಚಳಕವೇನೂ ಹೆಚ್ಚಿರಲಿಲ್ಲ, ಎರಡು ಪ್ರಯತ್ನಗಳ ನಡುವಿನ ಅಂತರ ಕುಗ್ಗಿತ್ತು.

ಬಿಡುವು ಕಡಿಮೆ ಇರುವವರಿಗೆ ಇನ್ನೊಂದು ಲಾಭವಿದೆ. ಯಂತ್ರವನ್ನು ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡ್‌ನಲ್ಲಿ ಇಟ್ಟರೆ ಆಟ ನಿಲ್ಲಿಸಿದ ಜಾಗದಿಂದಲೇ ತೆರೆದುಕೊಳ್ಳುತ್ತದೆ. ಆ ಸೌಲಭ್ಯ ಪ್ಲೇಸ್ಟೇಷನ್ 4ರಲ್ಲೂ ಇತ್ತು, ನಿಜ. ಆದರೆ ಅಲ್ಲಿ ಆಟದೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಜಿಗಿಯಬೇಕೆಂದರೆ ಮತ್ತೆ ಕಾಯಬೇಕಿತ್ತು. ಈಗ ಅರ್ಧ ಗಂಟೆ ಸಿಕ್ಕರೂ ಅಷ್ಟನ್ನೂ ಆಡಲಿಕ್ಕೇ ಬಳಸಬಹುದು. ದೊಡ್ಡ ನಕ್ಷೆಯ ಆಟಗಳನ್ನು ರಜೆಯ ದಿನಕ್ಕೆಂದು ಮೀಸಲಿಡುವುದನ್ನು ನಾನು ಬಿಟ್ಟಿದ್ದೇನೆ.

ವೇಗದ ಎಸ್‌ಎಸ್‌ಡಿ ಬಂದರೂ ಹಳೆಯ ಆಟದ ವಿನ್ಯಾಸ ಬದಲಾಗದು. 2018ರ ಗಾಡ್ ಆಫ್ ವಾರ್‌ನಲ್ಲಿ ನಾಯಕ ಬಂಡೆಗಳ ಸಂದಿಯಲ್ಲಿ ಮೈ ತೂರಿಸಿಕೊಂಡು ನಿಧಾನವಾಗಿ ಸಾಗುವ ಜಾಗಗಳಿವೆ. ಯಂತ್ರ ಎಷ್ಟೇ ಶಕ್ತವಾದರೂ ಅವನು ಅಲ್ಲಿ ಅಷ್ಟೇ ನಿಧಾನ. ಈ ಸಂಗ್ರಹಣೆಯ ವೇಗವನ್ನೇ ನೆಚ್ಚಿ ಕಟ್ಟಿದ ಆಟ ಹೇಗಿರುತ್ತದೆಂದು ನೋಡಲು 2021ರಲ್ಲಿ ಬಂದ ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್ ಆಡಬೇಕು. ಒಂದು ಬಿರುಕಿನೊಳಗೆ ಹಾರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಲೋಕವೇ ಬೇರೆ.

ಇನ್ನು ಚಲನೆಯ ಮಾತು. ಸೆಕೆಂಡಿಗೆ 30 ಫ್ರೇಮ್ ಎಂದರೆ ಪ್ರತಿ ಚಿತ್ರ ಪರದೆಯ ಮೇಲೆ ಸುಮಾರು 33 ಮಿಲಿಸೆಕೆಂಡ್ ನಿಲ್ಲುತ್ತದೆ. 60 ಆದರೆ ಸುಮಾರು 17. ಅಂಕಿಯಲ್ಲಿ ಸಣ್ಣದೆನಿಸುವ ಈ ಅಂತರ ಗುಂಡಿ ಒತ್ತುವ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ. ಗಾಡ್ ಆಫ್ ವಾರ್‌ಗೆ 2021ರ ಫೆಬ್ರುವರಿಯಲ್ಲಿ ಬಂದ ಅಪ್‌ಡೇಟ್ ಅದನ್ನು ಪ್ಲೇಸ್ಟೇಷನ್ 5ರಲ್ಲಿ 60 ಫ್ರೇಮ್‌ಗೆ ಏರಿಸಿತು. ಕೊಡಲಿ ಎಸೆದು ಮರಳಿ ಕರೆಯುವ ಆ ಒಂದು ಕ್ರಿಯೆಯಲ್ಲೇ ಬದಲಾವಣೆ ಕೈಗೆ ಸಿಗುತ್ತದೆ. ಹೊರೈಜನ್ ಜೀರೋ ಡಾನ್, ದಿ ಲಾಸ್ಟ್ ಆಫ್ ಅಸ್ ಭಾಗ 2 ಆಟಗಳಿಗೂ ಅದೇ ವರ್ಷ ಇಂಥ ಅಪ್‌ಡೇಟ್ ಬಂತು. ದಿ ವಿಚರ್ 3 ಹೊಂದಿದ್ದವರಿಗೆ 2022ರ ಡಿಸೆಂಬರ್‌ನಲ್ಲಿ ಪ್ಲೇಸ್ಟೇಷನ್ 5ರ ಆವೃತ್ತಿ ಉಚಿತವಾಗಿಯೇ ದೊರೆಯಿತು. 2015ರ ಆಟವೊಂದು ಏಳು ವರ್ಷಗಳ ಬಳಿಕ ಹೀಗೆ ಹೊಸ ಚೈತನ್ಯ ಪಡೆದದ್ದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ.

ಎಲ್ಲ ಆಟಗಳಿಗೂ ಈ ಭಾಗ್ಯವಿಲ್ಲ. ಬ್ಲಡ್‌ಬೋರ್ನ್ ಈ ಯಂತ್ರದಲ್ಲೂ 30 ಫ್ರೇಮ್‌ಗೇ ನಿಲ್ಲುತ್ತದೆ, ಏಕೆಂದರೆ ಆ ಮಿತಿ ಇರುವುದು ಆಟದ ಒಳಗೆ. ನಿರ್ಮಾಪಕರು ಬಿಚ್ಚದ ಗಂಟನ್ನು ಕನ್ಸೋಲ್ ಬಿಚ್ಚಲಾರದು. ಆದ್ದರಿಂದ ಹಳೆಯ ಆಟಗಳಿಗಾಗಿಯೇ ಯಂತ್ರ ಬದಲಿಸಲು ಯೋಚಿಸುತ್ತಿರುವವರು ತಮ್ಮ ಮೆಚ್ಚಿನ ನಾಲ್ಕಾರು ಆಟಗಳಿಗೆ ಅಪ್‌ಡೇಟ್ ಬಂದಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು.

ಟಿವಿಯನ್ನೂ ಜೊತೆಗೇ ಬದಲಿಸಬೇಕೆಂಬ ಸಲಹೆ ಹಲವರಿಂದ ಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಮೊದಲ ವರ್ಷ ನಾನು ಆಡಿದ್ದು 1080ಪಿ ಟಿವಿಯಲ್ಲೇ. ಲೋಡ್ ಆಗುವ ವೇಗಕ್ಕೂ 60 ಫ್ರೇಮ್‌ಗೂ ಅಷ್ಟು ಸಾಕು. ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಮೂಡಿದ ಚಿತ್ರವನ್ನು ಯಂತ್ರ ಕುಗ್ಗಿಸಿ ಕಳಿಸುವುದರಿಂದ ಅಂಚುಗಳೂ ನಯವಾಗಿ ಕಾಣುತ್ತವೆ. ನಂತರ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬಲ್ಲ, ಅಂದರೆ 120 ಹರ್ಟ್ಜ್‌ನ, 4ಕೆ ಟಿವಿ ಬಂತು. ಅದರಿಂದ ಸಿಕ್ಕ ಅತ್ಯುತ್ತಮ ಲಾಭ 40 ಫ್ರೇಮ್‌ನ ಆಯ್ಕೆ. 60 ಹರ್ಟ್ಜ್ ಪರದೆಯಲ್ಲಿ 40 ಸಮನಾಗಿ ಕೂರುವುದಿಲ್ಲ, 120ರಲ್ಲಿ ಮೂರು ಪಾಲಾಗಿ ಸರಿಯಾಗಿ ಕೂರುತ್ತದೆ. ಆಗ ಪ್ರತಿ ಚಿತ್ರ ನಿಲ್ಲುವುದು 25 ಮಿಲಿಸೆಕೆಂಡ್, ಅಂದರೆ 30 ಮತ್ತು 60 ಫ್ರೇಮ್‌ಗಳ ಅವಧಿಗೆ ಸರಿಯಾಗಿ ನಡುವೆ. ಬೆಳಕು ನೆರಳಿನ ಸೊಗಸನ್ನೂ ಬಿಟ್ಟುಕೊಡದೆ ಕೈಗೂ ಹಿತವೆನಿಸುವ ಈ ಆಯ್ಕೆ ರಿಫ್ಟ್ ಅಪಾರ್ಟ್‌ನಂಥ ಆಟಗಳಲ್ಲಿದೆ. ಇದ್ದಲ್ಲೆಲ್ಲ ನಾನು ಅದನ್ನೇ ಆರಿಸುತ್ತೇನೆ. ಟಿವಿ ಯಾವುದೇ ಇರಲಿ, ಅದರ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಚಿತ್ರವನ್ನು ತಿದ್ದುವ ಟಿವಿಯ ಕೆಲಸವೇ ಗುಂಡಿಗೂ ಪರದೆಗೂ ನಡುವೆ ವಿಳಂಬ ತರುತ್ತದೆ.

ಕಂಟ್ರೋಲರ್ ಬಗ್ಗೆ ನನ್ನ ಅಭಿಪ್ರಾಯ ಕಾಲಕ್ರಮದಲ್ಲಿ ಬದಲಾಗಿದೆ. ಯಂತ್ರದೊಡನೆ ಉಚಿತವಾಗಿ ಬರುವ ಆಸ್ಟ್ರೋಸ್ ಪ್ಲೇರೂಮ್‌ನಲ್ಲಿ ಮರಳು, ಮಂಜು, ಲೋಹದ ಮೇಲಿನ ನಡಿಗೆ ಅಂಗೈಗೆ ಬೇರೆ ಬೇರೆಯಾಗಿ ತಿಳಿಯುತ್ತದೆ. ಅಷ್ಟು ಸೂಕ್ಷ್ಮ ಕಂಪನವನ್ನು ಹಿಂದೆ ಯಾವ ಕಂಟ್ರೋಲರ್‌ನಲ್ಲೂ ನಾನು ಅನುಭವಿಸಿರಲಿಲ್ಲ. ಕಂಪನದ ಮೇಲಿನ ಆ ಪ್ರೀತಿ ಇಂದಿಗೂ ಹಾಗೆಯೇ ಉಳಿದಿದೆ. ಒತ್ತಿದಾಗ ಎದುರು ಬಲ ಕೊಡುವ ಟ್ರಿಗರ್‌ಗಳ ಮೇಲಿನ ಮೋಹ ಮಾತ್ರ ಉಳಿಯಲಿಲ್ಲ. ಬಿಲ್ಲಿನ ಹೆದೆ ಎಳೆಯುವಾಗ ಸೊಗಸು, ಗಂಟೆಗಟ್ಟಲೆ ಗುಂಡು ಹಾರಿಸುವ ಆಟದಲ್ಲಿ ಬೆರಳಿಗೆ ದಣಿವು. ಅಂಥ ಆಟಗಳಲ್ಲಿ ಆ ಎದುರು ಬಲವನ್ನು ಆಫ್ ಮಾಡಿಯೇ ಆಡುತ್ತೇನೆ. ಪ್ಲೇಸ್ಟೇಷನ್ 4ರ ಕಂಟ್ರೋಲರ್ ಡ್ಯುಯಲ್‌ಶಾಕ್ 4 ಇಟ್ಟುಕೊಂಡಿರುವವರು ಒಂದು ವಿಷಯ ತಿಳಿದಿರಬೇಕು: ಅದು ಹೊಸ ಯಂತ್ರದಲ್ಲಿ ಪ್ಲೇಸ್ಟೇಷನ್ 4ರ ಆಟಗಳಿಗೆ ಮಾತ್ರ ನಡೆಯುತ್ತದೆ. ಮನೆಯಲ್ಲಿ ಇಬ್ಬರು ಕೂತು ಹೊಸ ಆಟ ಆಡುವುದಾದರೆ ಹೊಸ ಕಂಟ್ರೋಲರ್ ಆದ ಡ್ಯುಯಲ್‌ಸೆನ್ಸ್ ಇನ್ನೊಂದು ಬೇಕು.

ಜಾಗದ ಕೊರತೆ ಬೇಗ ಕಾಡುತ್ತದೆ. 2020ರ ಮಾದರಿಯಲ್ಲಿ ಹೆಸರಿಗೆ 825 ಗಿಗಾಬೈಟ್, ಬಳಕೆಗೆ ಸಿಗುವುದು ಸುಮಾರು 667. ದೊಡ್ಡ ಆಟಗಳು ನೂರರ ಆಸುಪಾಸು ನುಂಗುತ್ತವೆ. ಡಿಸ್ಕ್‌ನಲ್ಲಿ ಕೊಂಡರೂ ಆಟ ಪೂರ್ತಿಯಾಗಿ ಒಳಗೆ ಇಳಿಯಲೇಬೇಕು. ನಾನು ಮಾಡಿಕೊಂಡ ವ್ಯವಸ್ಥೆ ಹೀಗಿದೆ: ಪ್ಲೇಸ್ಟೇಷನ್ 4ರ ಆಟಗಳೆಲ್ಲ ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ, ಅವು ಅಲ್ಲಿಂದಲೇ ನೇರವಾಗಿ ನಡೆಯುತ್ತವೆ. ಪ್ಲೇಸ್ಟೇಷನ್ 5ರ ಆಟಗಳನ್ನು ಯುಎಸ್‌ಬಿ ಡ್ರೈವ್‌ನಲ್ಲಿ ಇಡಬಹುದಷ್ಟೆ, ಆಡಲು ಒಳಗೇ ತರಬೇಕು. ಅವುಗಳಿಗಾಗಿ ಯಂತ್ರದೊಳಗೆ ಕೂರುವ ಎಂ.2 ಎಸ್‌ಎಸ್‌ಡಿ ಹಾಕಿಸಿಕೊಂಡಿದ್ದೇನೆ. ಈ ಅವಕಾಶ ತೆರೆದದ್ದು 2021ರ ಸೆಪ್ಟೆಂಬರ್‌ನ ಅಪ್‌ಡೇಟ್. ಎಸ್‌ಎಸ್‌ಡಿಯಲ್ಲಿ ನಾಲ್ಕನೇ ತಲೆಮಾರಿನ ಪಿಸಿಐಇ ಸಂಪರ್ಕ ಇರಬೇಕು, ಓದುವ ವೇಗ ಸೆಕೆಂಡಿಗೆ 5,500 ಮೆಗಾಬೈಟ್ ಅಥವಾ ಹೆಚ್ಚು ಇರಬೇಕೆಂಬುದು ಸೋನಿಯ ಶಿಫಾರಸು, ಶಾಖ ಹೀರುವ ಹೀಟ್‌ಸಿಂಕ್ ಕಡ್ಡಾಯ. ಪಕ್ಕದ ಬಿಳಿ ಹೊದಿಕೆ ಜಾರಿಸಿ ಸ್ಕ್ರೂ ಬಿಚ್ಚಲು ಬಂದರೆ ಸಾಕು, ಮನೆಯಲ್ಲೇ ಆಗುವ ಕೆಲಸ.

ಗಾತ್ರ ದೊಡ್ಡದು. ಡಿಸ್ಕ್ ಡ್ರೈವ್ ಇರುವ 2020ರ ಮಾದರಿ ನಿಲ್ಲಿಸಿದರೆ 39 ಸೆಂಟಿಮೀಟರ್ ಎತ್ತರ, ತೂಕ 4.5 ಕಿಲೋ. ಆ ಗಾತ್ರಕ್ಕೆ ತಕ್ಕ ಫಲವಾಗಿ ಫ್ಯಾನ್ ಸದ್ದು ನನ್ನ ಕಿವಿಗೆ ಬೀಳುವುದೇ ಇಲ್ಲ. ಮುಚ್ಚಿದ ಕಪಾಟಿನೊಳಗೆ ಮಾತ್ರ ಇಡಬೇಡಿ, ಹೊದಿಕೆಯಡಿ ಧೂಳು ಸೇರುವ ಕಿಂಡಿಗಳನ್ನು ಆಗಾಗ ಶುಚಿ ಮಾಡಿ.

ಹಳೆಯ ಕನ್ಸೋಲ್ ಮಾರುವ ಆತುರವಿದ್ದವರಿಗೆ ಒಂದು ಮಾತು. ಆಟಗಳು ಮತ್ತೆ ಡೌನ್‌ಲೋಡ್ ಆಗುತ್ತವೆ, ಆಟದಲ್ಲಿ ಎಲ್ಲಿಯವರೆಗೆ ಬಂದಿದ್ದೇವೆಂದು ದಾಖಲಿಸುವ ಸೇವ್ ಫೈಲ್ ಕಳೆದರೆ ಕಳೆಯಿತು. ಪ್ಲೇಸ್ಟೇಷನ್ 4ರ ಸೇವ್‌ಗಳನ್ನು ಯುಎಸ್‌ಬಿ ಡ್ರೈವ್‌ಗೆ ನಕಲು ಮಾಡಬಹುದು, ಇಲ್ಲವೇ ಎರಡೂ ಯಂತ್ರಗಳನ್ನು ಒಂದೇ ನೆಟ್‌ವರ್ಕ್‌ನಲ್ಲಿಟ್ಟು ಸಾಗಿಸಬಹುದು. ಒಂದೇ ಆಟದ ಎರಡು ಆವೃತ್ತಿಗಳಿದ್ದಾಗ ಹಳೆಯ ಸೇವ್ ಹೊಸದಕ್ಕೆ ತಾನಾಗಿ ಬರುತ್ತದೆಂಬ ಭರವಸೆ ಬೇಡ. ಕೆಲವು ಆಟಗಳಲ್ಲಿ ಹಳೆಯ ಆವೃತ್ತಿಯನ್ನು ತೆರೆದು ಅಲ್ಲಿಂದಲೇ ವರ್ಗಾಯಿಸಬೇಕಾಗುತ್ತದೆ. ನಾನು ಪ್ರತಿ ಆಟವನ್ನೂ ಹೊಸ ಯಂತ್ರದಲ್ಲಿ ತೆರೆದು, ಸೇವ್ ಸರಿಯಾಗಿ ಬಂದಿದೆ ಎಂದು ನೋಡಿದ ಮೇಲೆಯೇ ಹಳೆಯದನ್ನು ಕೈಬಿಟ್ಟೆ. ನೂರಾರು ಗಂಟೆ ಬೆಳೆಸಿದ ಪಾತ್ರವನ್ನು ಕಳೆದುಕೊಳ್ಳುವ ನೋವು ಯಾರಿಗೂ ಬೇಡ. ಪ್ಲೇಸ್ಟೇಷನ್ 5ರ ಸ್ವಂತ ಆಟಗಳ ಸೇವ್‌ಗಳನ್ನು ಒಂದೊಂದಾಗಿ ಯುಎಸ್‌ಬಿಗೆ ನಕಲಿಸಲು ಬರುವುದಿಲ್ಲ. ಕ್ಲೌಡ್‌ನಲ್ಲಿಡಲು ಪ್ಲೇಸ್ಟೇಷನ್ ಪ್ಲಸ್ ಚಂದಾ ಬೇಕು. ಆಟಗಾರನ ಶ್ರಮ ಆಟಗಾರನ ಕೈಯಲ್ಲೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ನಿಯಮ ನನಗೆ ಇಂದಿಗೂ ಸರಿಯೆನಿಸಿಲ್ಲ.

2024ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 5 ಪ್ರೊ ಬಂದ ಮೇಲೆ ಅದಕ್ಕೂ ಏರಬೇಕೇ ಎಂದು ಸ್ನೇಹಿತರು ಕೇಳುತ್ತಾರೆ. ನಾನು ಏರಿಲ್ಲ. ಗ್ರಾಫಿಕ್ಸ್ ಚಿಪ್‌ನ ಘಟಕಗಳು 36ರಿಂದ 60ಕ್ಕೆ ಏರಿವೆ, ಚಿತ್ರ ಮೂಡಿಸುವ ವೇಗ ಶೇಕಡ 45ರವರೆಗೆ ಹೆಚ್ಚು ಎಂದು ಸೋನಿ ಹೇಳಿದೆ, ಸಂಗ್ರಹಣೆ 2 ಟೆರಾಬೈಟ್. ಆದರೆ ಮುಖ್ಯ ಪ್ರೊಸೆಸರ್ ಅದೇ ಝೆನ್ 2 ಜಾತಿಯದು. ಎಸ್‌ಎಸ್‌ಡಿ ಮೊದಲೇ ಇತ್ತು. ಅಂದರೆ ನಾನು ಮೊದಲ ಎರಡು ಸ್ಥಾನ ಕೊಟ್ಟ ಲಾಭಗಳು ಬಹುಪಾಲು ನನ್ನ ಬಳಿ ಈಗಾಗಲೇ ಇವೆ, ಪ್ರೊ ಹೆಚ್ಚಿಸುವುದು ಮೂರನೆಯದನ್ನು. ದೊಡ್ಡ 4ಕೆ ಟಿವಿಯ ಹತ್ತಿರ ಕೂತು, ಸ್ಪಷ್ಟತೆಗೂ ಫ್ರೇಮ್ ವೇಗಕ್ಕೂ ನಡುವೆ ಒಂದನ್ನೇ ಆರಿಸಬೇಕಾದ ಬೇಸರ ಪ್ರತಿ ಆಟದಲ್ಲೂ ಅನುಭವಿಸುವವರಿಗೆ ಅದು ತಕ್ಕ ಯಂತ್ರ. ಇಂದಿಗೂ ಪ್ಲೇಸ್ಟೇಷನ್ 4ರಲ್ಲೇ ಇರುವವರು ಸಾಮಾನ್ಯ 5ಕ್ಕೆ ಬಂದರೆ ಸಾಕು. ಪ್ರೊ ಜೊತೆ ಡಿಸ್ಕ್ ಡ್ರೈವ್ ಬರುವುದಿಲ್ಲ, ಬೇರೆಯಾಗಿ ಕೊಂಡು ಜೋಡಿಸಬೇಕು. 2020ರ ಯಂತ್ರದೊಳಗಿನ ಡ್ರೈವ್ ಅದಕ್ಕೆ ಕೂರುವುದಿಲ್ಲ, ಆದ್ದರಿಂದ ಡಿಸ್ಕ್‌ಗಳಿದ್ದವರು ಆ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.